ಒಡೆಯದೆ ಇಡಿಯಾಗಿ: ಹಳೆಯ ಟಿವಿ, ಫ್ರಿಜ್, ಬ್ಯಾಟರಿಗಳು ಊರು ದಾಟಬೇಕಾದ ಬಗೆ

ದಸರೆಗೆ ಮುಂಚೆ ಬಳ್ಳಾರಿಯ ನಮ್ಮ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿದ್ದ ಸಾಮಾನನ್ನೆಲ್ಲ ಕೆಳಗಿಳಿಸಬೇಕಾಯಿತು. ಹಿಂಭಾಗ ಉಬ್ಬಿದ ಹಳೆಯ ಪಿಕ್ಚರ್ ಟ್ಯೂಬ್ ಟಿವಿ, ಕೆಟ್ಟುಹೋದ ಎರಡು ಮಿಕ್ಸರ್, ಯಾವ ಡಿಶ್‌ಗೆ ಸೇರಿದ್ದೆಂದು ಯಾರಿಗೂ ನೆನಪಿಲ್ಲದ ಸೆಟ್‌ಟಾಪ್ ಬಾಕ್ಸ್, ಚೀಲದ ತುಂಬ ಚಾರ್ಜರ್‌ಗಳು, ಬ್ಯಾಟರಿ ಉಬ್ಬಿದ ಮೂರು ಮೊಬೈಲ್ ಫೋನುಗಳು ಇಳಿದುಬಂದವು. ಟಿವಿಯನ್ನು ತಳ್ಳುಗಾಡಿಯ ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಎರಡು ದಿನಗಳ ನಂತರ ಓಣಿಯ ಹಿಂದಿನ ಖಾಲಿ ಸೈಟಿನಲ್ಲಿ ಅದೇ ಟಿವಿಯ ಕಪ್ಪು ಕವಚ ಬಿದ್ದಿತ್ತು. ಮಗಳು ಚಿಕ್ಕವಳಿದ್ದಾಗ ಅದರ ಮೂಲೆಗೆ ಅಂಟಿಸಿದ್ದ ಚಿಟ್ಟೆಯ ಚಿತ್ರದಿಂದ ಗುರುತು ಸಿಕ್ಕಿತು. ಸುತ್ತ ದಪ್ಪ ಗಾಜಿನ ಚೂರುಗಳಿದ್ದವು. ತಾಮ್ರದ ಸುರುಳಿ, ಸರ್ಕ್ಯೂಟ್ ಬೋರ್ಡು, ಸ್ಪೀಕರಿನ ಅಯಸ್ಕಾಂತ ಮಾತ್ರ ಇರಲಿಲ್ಲ.

ಮುಂದಿನ ವಾರ ಅದೇ ಗುಜರಿಯವರು ಬಂದಾಗ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಇಡೀ ಟಿವಿ ತಗಂಡು ಹೋದ್ರೆ ಮೋಡ್ಕಾ ಅಂಗಡ್ಯಾಗ ಯಾರೂ ರೊಕ್ಕ ಕೊಡಂಗಿಲ್ಲ ಸರ. ತಾಮ್ರಕ್ಕೆ ಕೊಡ್ತಾರ, ಬೋರ್ಡಿಗೆ ಕೊಡ್ತಾರ. ಗಾಜು ಯಾರಿಗೆ ಬೇಕು?" ಎಂದರು. ಇ-ತ್ಯಾಜ್ಯದ ಬಗ್ಗೆ ವರ್ಷಗಳಿಂದ ಓದಿದ ವರದಿಗಳಲ್ಲಿ ಯಾವುದೂ ಸಮಸ್ಯೆಯನ್ನು ಇಷ್ಟು ಸ್ಪಷ್ಟವಾಗಿ ನನ್ನ ಮುಂದೆ ಇಟ್ಟಿರಲಿಲ್ಲ. ಹಳೆಯ ಸಾಮಾನು ಇಡಿಯಾಗಿರುವವರೆಗೆ ಅದರೊಳಗಿನ ವಿಷ ಬಹುಮಟ್ಟಿಗೆ ಅದರೊಳಗೇ ಇರುತ್ತದೆ. ಅದನ್ನು ತೆರೆದು, ಬೆಲೆ ಬರುವ ಮೂರುನಾಲ್ಕು ಭಾಗಗಳನ್ನು ಕಿತ್ತು, ಬೆಲೆ ಬಾರದ ಉಳಿದದ್ದನ್ನು ಸುಟ್ಟೋ ಎಸೆದೋ ಕೈತೊಳೆದುಕೊಂಡಾಗ ಅದು ಮಣ್ಣಿಗೆ, ನೀರಿಗೆ, ಗಾಳಿಗೆ ಇಳಿಯುತ್ತದೆ. ಹಾಗಾಗಿ ನಮ್ಮ ಜಿಲ್ಲೆಗಳಲ್ಲಿ ನಿಜವಾಗಿ ಬಿಡಿಸಬೇಕಾದ ಗಂಟು ಮನೆಬಾಗಿಲಿನಿಂದ ಊರಾಚೆಯವರೆಗಿನ ಮೊದಲ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿದೆ.

ಪಿಕ್ಚರ್ ಟ್ಯೂಬಿನ ಗಾಜು ಮಾಮೂಲಿ ಗಾಜಲ್ಲ. ಒಳಗೆ ಹುಟ್ಟುವ ಕ್ಷ-ಕಿರಣ ನೋಡುವವರ ಮೇಲೆ ಬೀಳದಿರಲೆಂದು ಅದಕ್ಕೆ ಸೀಸ ಬೆರೆಸಿರುತ್ತಾರೆ. ಪರದೆಯ ಹಿಂದಿನ ಆಲಿಕೆಯಾಕಾರದ ಭಾಗದಲ್ಲಿ ಅದರ ಪ್ರಮಾಣ ಹೆಚ್ಚು, ಒಂದೊಂದು ಟಿವಿಯಲ್ಲಿ ಅದನ್ನು ಅಳೆಯಬೇಕಾದದ್ದು ಕಿಲೋಗ್ರಾಂ ಲೆಕ್ಕದಲ್ಲಿ. ಪರದೆಯ ಒಳಮೈಗೆ ಬಳಿದ ಹೊಳಪಿನ ಪುಡಿಯೂ ಉಸಿರಿಗೆ ಒಳ್ಳೆಯದಲ್ಲ. ಟ್ಯೂಬಿನ ಕತ್ತಿಗೆ ಸುತ್ತಿದ ತಾಮ್ರದ ಸುರುಳಿಯನ್ನು ಬೇಗ ತೆಗೆಯಲು ಸುಲಭದ ದಾರಿಯೆಂದರೆ ಕತ್ತನ್ನೇ ಕಲ್ಲಿನಿಂದ ಒಡೆಯುವುದು. ಆ ಒಂದು ಏಟಿಗೆ ಇಪ್ಪತ್ತು ವರ್ಷ ಮನೆಯ ಮೂಲೆಯಲ್ಲಿ ನಿರುಪದ್ರವಿಯಾಗಿ ಕೂತಿದ್ದ ವಸ್ತು ಅಪಾಯಕಾರಿ ಕಸವಾಗುತ್ತದೆ. ಸೀಸದ ವಿಷಯದಲ್ಲಿ ಮಕ್ಕಳಿಗೆ ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ನಮ್ಮ ಓಣಿಯ ಮಕ್ಕಳು ಗೋಲಿ ಆಡುವುದು ಅದೇ ಖಾಲಿ ಸೈಟಿನಲ್ಲಿ.

ಫ್ರಿಜ್ಜಿನ ಕಥೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದರ ಬಗ್ಗೆ ಮಾತೂ ಕಡಿಮೆ. ಗುಜರಿಗೆ ಹೋದ ಫ್ರಿಜ್ಜಿನಲ್ಲಿ ಬೆಲೆ ಇರುವುದು ಕಂಪ್ರೆಸರಿಗೆ, ಅದರೊಳಗಿನ ತಾಮ್ರಕ್ಕೆ. ಅದನ್ನು ಬಿಚ್ಚಲು ಪೈಪನ್ನು ಕತ್ತರಿಸಿದ ಕೂಡಲೆ ಒಳಗಿನ ಗ್ಯಾಸು ಹೊರಗೆ ಹೋಗುತ್ತದೆ. ಬಹಳ ವರ್ಷ ಬಳಕೆಯಲ್ಲಿದ್ದ ಆರ್-134ಎ ಎಂಬ ಗ್ಯಾಸು ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,300ರಿಂದ 1,500 ಪಟ್ಟು ಬಲವಾದದ್ದು. ಒಂದು ಮನೆಯ ಫ್ರಿಜ್ಜಿನಲ್ಲಿ ನೂರೈವತ್ತು ಗ್ರಾಂ ಗ್ಯಾಸಿದ್ದರೆ, ಆ ಒಂದು ಕತ್ತರಿಯೇಟು ಸುಮಾರು 200 ಕಿಲೋ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟದ್ದಕ್ಕೆ ಸಮ. ಎಸಿಗಳಲ್ಲಿ ಗ್ಯಾಸಿನ ಪ್ರಮಾಣ ಇನ್ನೂ ಹೆಚ್ಚು. ಈಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ ಹವೆಯ ಮಟ್ಟಿಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಅದು ಹೊತ್ತಿಕೊಳ್ಳುವ ಗ್ಯಾಸು. ಪಕ್ಕದಲ್ಲಿ ಗ್ಯಾಸ್ ಕಟರ್ ಉರಿಯುತ್ತಿದ್ದರೆ ಕೆಲಸ ಮಾಡುವವನ ಮುಖಕ್ಕೇ ಅಪಾಯ. ಬೇಸಿಗೆಯಲ್ಲಿ 42 ಡಿಗ್ರಿ ಕಾಣುವ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಫ್ರಿಜ್, ಕೂಲರ್, ಎಸಿ ಈಗ ಐಷಾರಾಮದ ಮಾತಾಗಿ ಉಳಿದಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಕೂಡಿಸಿಟ್ಟು ಫ್ರಿಜ್ ಕೊಂಡ ಹೆಣ್ಣುಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಆ ಫ್ರಿಜ್ಜುಗಳು ಹತ್ತು ಹದಿನೈದು ವರ್ಷ ಬಾಳಿ ಕೆಡುವ ಹೊತ್ತಿಗಾದರೂ ಅವುಗಳನ್ನು ಇಡಿಯಾಗಿ ಒಯ್ಯುವ ದಾರಿ ಸಿದ್ಧವಿರಬೇಕು.

ವೈರುಗಳದ್ದು ಬೇರೆಯೇ ಬಗೆ. ಮೇಲಿನ ಪ್ಲಾಸ್ಟಿಕ್ ಸುಲಿಯುವುದು ತಾಳ್ಮೆಯ ಕೆಲಸ, ಬೆಂಕಿ ಹಚ್ಚುವುದು ಐದು ನಿಮಿಷದ ಕೆಲಸ. ವೈರಿನ ಹೊದಿಕೆ ಬಹುಮಟ್ಟಿಗೆ ಪಿವಿಸಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ಅದು ಅರೆಬರೆ ಉರಿಯುವಾಗ ಡಯಾಕ್ಸಿನ್, ಫ್ಯೂರಾನ್ ಎಂಬ, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷಗಳು ಹುಟ್ಟುತ್ತವೆ. ಯಾವ ತಾಮ್ರಕ್ಕಾಗಿ ಬೆಂಕಿ ಹಚ್ಚುತ್ತಾರೋ ಆ ತಾಮ್ರವೇ ಈ ವಿಷಗಳು ಹುಟ್ಟುವ ಕ್ರಿಯೆಗೆ ವೇಗ ಕೊಡುತ್ತದೆ ಎಂಬುದು ರಸಾಯನಶಾಸ್ತ್ರದ ಕ್ರೂರ ಸಂಗತಿ. ಊರ ಹೊರಗಿನ ಹಳ್ಳದ ದಂಡೆಯಲ್ಲಿ ಸಂಜೆ ಹೊತ್ತು ಏಳುವ ಕರಿ ಹೊಗೆಯನ್ನು ಕಂಡವರಿಗೆ ಅದು ಬರಿಯ ಕಸದ ಹೊಗೆಯಲ್ಲವೆಂದು ತಿಳಿದಿರಬೇಕು.

ಬೋರ್ಡಿನ ವಿಷಯಕ್ಕೆ ಬಂದರೆ ರಾಯಚೂರು ಜಿಲ್ಲೆಯವರಿಗೆ ಅದನ್ನು ವಿವರಿಸುವುದು ಬೇರೆಯವರಿಗೆ ವಿವರಿಸುವುದಕ್ಕಿಂತ ಸುಲಭ, ಏಕೆಂದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿ ಅವರ ಕಣ್ಣೆದುರಿಗಿದೆ. ಚಿನ್ನಕ್ಕೂ ಈ ನೆಲಕ್ಕೂ ಇರುವ ನಂಟು ಎಷ್ಟು ಹಳೆಯದೆಂದರೆ, 1915ರಲ್ಲಿ ಮಸ್ಕಿಯ ಅಶೋಕನ ಶಾಸನ ಕಣ್ಣಿಗೆ ಬಿದ್ದದ್ದು ಚಿನ್ನ ಹುಡುಕಿಕೊಂಡು ಬಂದಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ. ಹಟ್ಟಿಯಲ್ಲಿ ನೆಲದಾಳಕ್ಕೆ ಇಳಿದು, ಬಂಡೆ ಸಿಡಿಸಿ, ಒಂದು ಟನ್ ಅದಿರನ್ನು ಮೇಲೆ ತಂದು ಪುಡಿಮಾಡಿ ಸಯನೈಡ್ ದ್ರಾವಣದಲ್ಲಿ ತೊಳೆದರೆ ದಕ್ಕುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಮೊಬೈಲ್ ಫೋನಿನ ಬೋರ್ಡುಗಳಲ್ಲಿ ನೂರು ಗ್ರಾಂಗಿಂತ ಹೆಚ್ಚು ಚಿನ್ನವಿರುತ್ತದೆ. ಬೆಳ್ಳಿ, ಪಲ್ಲಾಡಿಯಂ, ತಾಮ್ರ ಬೇರೆ. ಇದನ್ನು ಕೇಳಿದ ಕೂಡಲೆ ಆಸಿಡ್ ಬಾಟಲಿ ಹಿಡಿಯುವ ಮನಸ್ಸಾಗುವುದು ಸಹಜ, ಅಂಥ ಗುಡಿಸಲು ಕಾರ್ಖಾನೆಗಳು ದೊಡ್ಡ ನಗರಗಳ ಅಂಚಿನಲ್ಲಿ ಇರುವುದೂ ನಿಜ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಬೋರ್ಡುಗಳನ್ನು ಅದ್ದಿ ಚಿನ್ನ ತೆಗೆಯುವ ಈ ಬಗೆಯಲ್ಲಿ ಇದ್ದ ಚಿನ್ನದ ದೊಡ್ಡ ಪಾಲು ಕಳೆದೇ ಹೋಗುತ್ತದೆ, ಸುಸಜ್ಜಿತ ಘಟಕಗಳಲ್ಲಾದರೆ ಹೆಚ್ಚುಕಡಿಮೆ ಎಲ್ಲವೂ ಕೈಗೆ ಬರುತ್ತದೆ. ಗಣಿಯ ತ್ಯಾಜ್ಯಕ್ಕೆ ಕಟ್ಟೆ ಇದೆ, ತಪಾಸಣೆ ಇದೆ, ಕಾರ್ಮಿಕ ಕಾನೂನು ಇದೆ. ಗುಡಿಸಲಿನ ಆಸಿಡ್ ನೇರ ಚರಂಡಿಗೆ ಹೋಗುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್ ಎಂದೂ ಅದರಲ್ಲಿ ಲೆಕ್ಕಕ್ಕೆ ಸಿಕ್ಕಂತೆ ಸರಿಯಾದ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ ಎಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದ ಪ್ರಕಾರ 2021-22ರಲ್ಲಿ 16.01 ಲಕ್ಷ ಟನ್ ಹುಟ್ಟಿ, 5.27 ಲಕ್ಷ ಟನ್ ಸಂಗ್ರಹವಾಗಿ ಸಂಸ್ಕರಣೆಗೆ ಹೋಯಿತು. ಆ ಲೆಕ್ಕ 21 ಬಗೆಯ ಸಾಮಾನುಗಳಿಗೆ ಮಾತ್ರ ಸಂಬಂಧಿಸಿದ್ದು; ಹೊಸ ನಿಯಮಗಳ ಪಟ್ಟಿಯಲ್ಲಿ ಈಗ 106 ಬಗೆಗಳಿವೆ. ಮೂರನೆಯ ಎರಡು ಭಾಗ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ನಮ್ಮ ಅಟ್ಟಗಳಲ್ಲಿದೆ, ಗುಜರಿ ಅಂಗಡಿಗಳ ಹಿಂದಣ ಅಂಗಳಗಳಲ್ಲಿದೆ.

ಹಾಗೆಂದು ಕಾನೂನು ಇಲ್ಲವೆಂದಲ್ಲ. ಇ-ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಬಂದವು, 2016ರಲ್ಲಿ ಬದಲಾದವು, 2022ರ ನವೆಂಬರಿನಲ್ಲಿ ಹೊರಡಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ತಿರುಳು ಇಷ್ಟು: ಟಿವಿ, ಫ್ರಿಜ್, ಫೋನುಗಳನ್ನು ಮಾರುಕಟ್ಟೆಗೆ ತರುವ ಕಂಪನಿಯೇ ಅವುಗಳ ಕೊನೆಗೂ ಹೊಣೆ. ಹಿಂದೆ ಮಾರಿದ ಪ್ರಮಾಣದಲ್ಲಿ ಮೊದಲ ಎರಡು ವರ್ಷ ಶೇ 60, ಮುಂದಿನ ಎರಡು ವರ್ಷ ಶೇ 70, 2027-28ರಿಂದ ಶೇ 80ರಷ್ಟನ್ನು ಮರುಬಳಕೆ ಮಾಡಿಸಿದ್ದಾಗಿ ಅದು ತೋರಿಸಬೇಕು. ತೋರಿಸುವ ಬಗೆ ಎಂದರೆ ನೋಂದಾಯಿತ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಳ್ಳುವುದು. ಪ್ರಮಾಣಪತ್ರದ ಬೆಲೆ ಪಾತಾಳಕ್ಕೆ ಇಳಿಯದಿರಲೆಂದು 2024ರಲ್ಲಿ ಸರ್ಕಾರ ಮನೆಬಳಕೆಯ ಎಲೆಕ್ಟ್ರಾನಿಕ್ ಸಾಮಾನಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ಗೊತ್ತುಮಾಡಿತು. ಹಲವು ದೊಡ್ಡ ಕಂಪನಿಗಳು ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ನನ್ನ ಅಭಿಪ್ರಾಯದಲ್ಲಿ ಕನಿಷ್ಠ ಬೆಲೆ ಇರಲೇಬೇಕು, ಅದಿಲ್ಲದಿದ್ದರೆ ಮರುಬಳಕೆ ಕಾಗದದ ಮೇಲಿನ ವ್ಯವಹಾರವಾಗಿಬಿಡುತ್ತದೆ.

ಆದರೆ ಈ ವ್ಯವಸ್ಥೆಯ ಹಣ ಸರಪಳಿಯ ತುದಿಯಲ್ಲಿ ಹುಟ್ಟುತ್ತದೆ. ಘಟಕದ ಬಾಗಿಲಿಗೆ ಸಾಮಾನು ಬಂದ ಮೇಲೆ, ಅದರಿಂದ ತಾಮ್ರ, ಚಿನ್ನ, ಅಲ್ಯೂಮಿನಿಯಂ, ಕಬ್ಬಿಣ ಹೊರಬಂದ ಮೇಲೆ ಪ್ರಮಾಣಪತ್ರ ಸಿಗುತ್ತದೆ. ದೇವದುರ್ಗದ ಮನೆಯೊಂದರಿಂದ ಆ ಬಾಗಿಲಿಗೆ, ಹೆಚ್ಚಾಗಿ ಬೆಂಗಳೂರಿನ ಸುತ್ತಮುತ್ತ ಇರುವ ಆ ಬಾಗಿಲಿಗೆ, ಒಂದು ಪಿಕ್ಚರ್ ಟ್ಯೂಬನ್ನು ಒಡೆಯದಂತೆ ಒಯ್ಯುವವರು ಯಾರು, ಆ ನಾನೂರು ಕಿಲೋಮೀಟರಿನ ಬಾಡಿಗೆ ಯಾರದು ಎಂಬುದನ್ನು ಮಾರುಕಟ್ಟೆಗೇ ಬಿಡಲಾಗಿದೆ. 2016ರ ನಿಯಮಗಳಲ್ಲಿ ಸಂಗ್ರಹ ಕೇಂದ್ರಗಳು, ಬಿಚ್ಚುವ ಘಟಕಗಳು ಎಂಬ ವರ್ಗಗಳಾದರೂ ಇದ್ದವು. ಈಗ ನೋಂದಣಿಯ ವರ್ಗಗಳು ನಾಲ್ಕೇ: ತಯಾರಿಸುವವರು, ಮಾರುಕಟ್ಟೆಗೆ ತರುವವರು, ಸರಿಪಡಿಸಿ ಮತ್ತೆ ಮಾರುವವರು, ಮರುಬಳಕೆ ಮಾಡುವವರು. ಮನೆಬಾಗಿಲಿಗೆ ನಿಜವಾಗಿ ಬಂದು ನಿಜವಾಗಿ ಸಾಮಾನು ಒಯ್ಯುವ ಗುಜರಿಯವರು ಈ ನಾಲ್ವರಲ್ಲಿ ಯಾರೂ ಅಲ್ಲ. ದಿನವೂ ಕೆಲಸ ಮಾಡುವ ಒಬ್ಬ ಮನುಷ್ಯನನ್ನು ಹೊರಗಿಟ್ಟು ಬರೆದ ಸರಪಳಿ ಮೊದಲ ಕೊಂಡಿಯಲ್ಲೇ ತುಂಡಾಗುತ್ತದೆ.

ಗುಜರಿಯವರನ್ನು ದೂರುವುದು ಸುಲಭ, ನ್ಯಾಯವಲ್ಲ. ಬಿಸಿಲಲ್ಲಿ ಗಾಡಿ ತಳ್ಳಿ ಅವರು ಒಯ್ಯುವ ಕಾಗದ, ಕಬ್ಬಿಣ, ಬಾಟಲಿಗಳಿಲ್ಲದಿದ್ದರೆ ನಮ್ಮ ಊರುಗಳ ಕಸದ ಗುಡ್ಡಗಳು ಇನ್ನೆಷ್ಟು ಎತ್ತರವಿರುತ್ತಿದ್ದವೋ. ಅವರ ಕೈಗಳಲ್ಲಿ ಗಾಜಿನ ಗಾಯಗಳಿವೆ, ಹೊಗೆ ಮೊದಲು ಸೇರುವುದು ಅವರ ಪುಪ್ಪುಸಕ್ಕೆ. ಇಡೀ ಟಿವಿಗೆ ಬೆಲೆ ಸಿಕ್ಕರೆ ಒಡೆಯುವ ಅಗತ್ಯ ಅವರಿಗಿಲ್ಲ.

ಮನೆಯವರ ಕೈಯಲ್ಲಿ ಏನಿದೆ ಎಂದು ನೋಡಿದರೆ, ಎಲ್ಲಕ್ಕೂ ಮೊದಲು ರಿಪೇರಿ. ಭತ್ತದ ಸೀಮೆಯಾದ ಗಂಗಾವತಿ, ಸಿಂಧನೂರುಗಳಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ಮತ್ತೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಅಲ್ಲಿ ಕೂತ ಕೈಗಳು ಮಿಕ್ಸರಿಗೂ ಫ್ಯಾನಿಗೂ ಎರಡನೆಯ ಆಯುಷ್ಯ ಕೊಡಬಲ್ಲವು. ನಿಧಾನವಾಗಿ ತಿರುಗುವ ಫ್ಯಾನಿಗೆ ಬಹಳ ಸಲ ಬೇಕಾದದ್ದು ಒಂದು ಕಂಡೆನ್ಸರ್, ನಿಂತುಹೋದ ಮಿಕ್ಸರಿಗೆ ಒಂದು ಜೋಡಿ ಕಾರ್ಬನ್ ಬ್ರಷ್, ಧ್ವನಿ ಬಂದು ಚಿತ್ರ ಬಾರದ ಎಲ್‌ಇಡಿ ಟಿವಿಗೆ ಹಿಂಬೆಳಕಿನ ಪಟ್ಟಿ. ನಮ್ಮ ಎರಡು ಮಿಕ್ಸರುಗಳಲ್ಲಿ ಒಂದು ಈಗ ಮತ್ತೆ ಅಡಿಗೆಮನೆಯಲ್ಲಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು, ಒಳ್ಳೆಯದೇ. ಆದರೆ ಬಿಡಿಭಾಗ ತಾಲ್ಲೂಕಿನ ಅಂಗಡಿಗೆ ಬಾರದಿದ್ದರೆ ಹಕ್ಕು ಹೆಸರಿಗಷ್ಟೇ.

ಇನ್ನು ರಿಪೇರಿಗೂ ಬಾರದ್ದು. ಇನ್ವರ್ಟರ್ ಬ್ಯಾಟರಿಯನ್ನು ಎಂದಿಗೂ ಬಿಚ್ಚಿ ಮಾರಬಾರದು, ಅದರ ಆಸಿಡ್ಡನ್ನು ಬಚ್ಚಲಿಗೆ ಸುರಿಯಬಾರದು. ತೂಕದ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುವ ಆ ಡಬ್ಬವನ್ನು ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಇಡಿಯಾಗಿ ಕೊಟ್ಟು ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಫೋನು, ಪವರ್ ಬ್ಯಾಂಕು, ಕಿವಿಗೆ ಹಾಕುವ ಸಣ್ಣ ಇಯರ್‌ಬಡ್ಡುಗಳಲ್ಲಿರುವ ಲಿಥಿಯಂ ಬ್ಯಾಟರಿಯ ಅಪಾಯ ಬೇರೆ ರೀತಿಯದು. ಅದು ಜಜ್ಜಿದರೆ, ಚುಚ್ಚಿದರೆ, ಕಾದರೆ ಹೊತ್ತಿಕೊಳ್ಳುತ್ತದೆ, ಹಾಗೆ ಹೊತ್ತಿದ್ದನ್ನು ಆರಿಸುವುದು ಕಷ್ಟ. ಒಣಕಸದ ಜೊತೆ ಅದನ್ನು ಹಾಕಿದರೆ ಕಸದ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಬೆಂಕಿಯಾಗಬಹುದು. ತುದಿಗಳಿಗೆ ಟೇಪು ಸುತ್ತಿ, ತಗಡಿನ ಡಬ್ಬದಲ್ಲಿ ಒಣ ಮರಳಿನ ಜೊತೆ, ಏಪ್ರಿಲ್-ಮೇ ತಿಂಗಳ ಬಿಸಿಲು ತಾಗದ ತಂಪು ಜಾಗದಲ್ಲಿ ಇಡಬೇಕು. ಕಾದ ಹೆಂಚಿನಂತಾಗುವ ಮಾಳಿಗೆಯ ಕೆಳಗಿನ ಅಟ್ಟ ಅದಕ್ಕೆ ತಕ್ಕ ಸ್ಥಳವಲ್ಲ. ಉಬ್ಬಿದ್ದನ್ನು ಒತ್ತಿ ಸರಿಮಾಡುವ ಸಾಹಸವೂ ಬೇಡ. ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟುಗಳಲ್ಲಿ ಕೆಲವೇ ಮಿಲಿಗ್ರಾಂ ಪಾದರಸವಿರುತ್ತದೆ. ಮನೆಯಲ್ಲಿ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಪೊರಕೆ ಹಾಕದೆ ಗಟ್ಟಿ ಕಾಗದದಿಂದ ಬಳಿದು, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಬಾಟಲಿಯಲ್ಲಿ ಹಾಕಿಡಬೇಕು.

ಹಳೆಯ ಫೋನುಗಳು ಮನೆಯಿಂದ ಹೊರಬೀಳದಿರಲು ಮುಖ್ಯ ಕಾರಣ ಭಯವೆಂದು ನನಗೆ ಅನ್ನಿಸುತ್ತದೆ. ಒಳಗಿನ ಫೋಟೋ, ಬ್ಯಾಂಕಿನ ಸಂದೇಶ, ಆಧಾರ್ ಪ್ರತಿ ಯಾರ ಕೈಗೆ ಸಿಗುವುದೋ ಎಂಬ ಈ ಭಯ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಕಷ್ಟದ್ದಲ್ಲ. ಬೇಕಾದ್ದನ್ನು ಬೇರೆಡೆ ಉಳಿಸಿಕೊಂಡು, ಗೂಗಲ್ ಮೊದಲಾದ ಖಾತೆಗಳಿಂದ ಹೊರಬಂದು, ಹಣ ಪಾವತಿಯ ಆ್ಯಪ್‌ಗಳನ್ನು ತೆಗೆದು, ಸಿಮ್ ಮತ್ತು ಮೆಮೊರಿ ಕಾರ್ಡನ್ನು ಹೊರತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿದರೆ ಈಚಿನ ಫೋನುಗಳಲ್ಲಿ ಸಾಮಾನ್ಯವಾಗಿ ಅಷ್ಟು ಸಾಕು, ಏಕೆಂದರೆ ಅವುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲೇ ಇರುತ್ತದೆ. ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೆಯಾಗಿ ಇಟ್ಟುಕೊಳ್ಳಬಹುದು. ಇಡಿಯಾಗಿ ಕೊಡಬೇಕೆಂಬ ನನ್ನ ವಾದಕ್ಕೆ ಇದೊಂದೇ ವಿನಾಯಿತಿ.

ದೀಪಾವಳಿಯ ವಿನಿಮಯದ ಕೊಡುಗೆಗಳಲ್ಲಿ ಹಳೆಯದನ್ನು ಅಂಗಡಿಗೆ ಕೊಡುವುದು ಒಳ್ಳೆಯ ದಾರಿಯಂತೆ ಕಾಣುತ್ತದೆ, ಆದರೆ ಅಂಗಡಿಯವರು ಅದನ್ನು ಸಗಟು ಗುಜರಿಗೇ ಮಾರಿದರೆ ನಾವು ಒಂದು ಸುತ್ತು ಹೆಚ್ಚು ತಿರುಗಿದಂತಾಯಿತು ಅಷ್ಟೇ. ಕೊಡುವ ಮೊದಲು "ಇದು ಯಾವ ನೋಂದಾಯಿತ ಘಟಕಕ್ಕೆ ಹೋಗುತ್ತದೆ, ಚೀಟಿ ಕೊಡುತ್ತೀರಾ" ಎಂದು ಕೇಳಬೇಕು. ಹತ್ತು ಗ್ರಾಹಕರು ಕೇಳಿದರೆ ಹನ್ನೊಂದನೆಯವರ ಹೊತ್ತಿಗೆ ಅಂಗಡಿಯವರು ಉತ್ತರ ಸಿದ್ಧಮಾಡಿಕೊಂಡಿರುತ್ತಾರೆ.

ಮನೆಯವರ ಎಚ್ಚರವೊಂದರಿಂದ ಮೊದಲ ಹತ್ತಿಪ್ಪತ್ತು ಕಿಲೋಮೀಟರು ದಾಟಲಾಗದು. ಅದಕ್ಕೆ ಬೇಕಾದ ಕೈಕಾಲುಗಳು ಬಹಳಷ್ಟು ಈಗಾಗಲೇ ನಮ್ಮಲ್ಲಿವೆ. ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಒಣಕಸವನ್ನು ವಿಂಗಡಿಸುತ್ತಾರೆ, ಸ್ವಚ್ಛ ವಾಹಿನಿ ಎಂಬ ಕಸದ ಗಾಡಿಯನ್ನು ಎಷ್ಟೋ ಕಡೆ ಅವರೇ ಓಡಿಸುತ್ತಾರೆ. ಆ ಕಟ್ಟಡದಲ್ಲಿ ಬೀಗವಿರುವ ಒಂದು ಮೂಲೆ, ಗಾಜು ಒಡೆಯದಂತೆ ಇಡುವ ಅಡ್ಡಹಲಗೆ, ಬ್ಯಾಟರಿಗೆ ಮರಳಿನ ಡಬ್ಬ, ತೂಕದ ತಕ್ಕಡಿ, ಒಂದು ದಾಖಲೆ ಪುಸ್ತಕ ಇಷ್ಟು ಸೇರಿಸಲು ದೊಡ್ಡ ಯೋಜನೆ ಬೇಕಿಲ್ಲ. ನಗರಗಳಲ್ಲಿ, ಕಸದೊಡನೆ ಬೆರೆತು ಬಂದ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತ ಘಟಕಕ್ಕೆ ಮುಟ್ಟಿಸುವ ಹೊಣೆಯನ್ನು 2022ರ ನಿಯಮಗಳೇ ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಬಿಚ್ಚುವ ಮತ್ತು ಮರುಬಳಕೆಯ ಕೆಲಸದಲ್ಲಿರುವವರನ್ನು ಗುರುತಿಸಿ, ನೋಂದಾಯಿಸಿ, ತರಬೇತಿ ಕೊಡುವ ಕೆಲಸವನ್ನೂ ಕೈಗಾರಿಕಾ ಪ್ರದೇಶಗಳಲ್ಲಿ ಅದಕ್ಕೆ ಜಾಗ ಮೀಸಲಿಡುವ ಕೆಲಸವನ್ನೂ ಅವೇ ನಿಯಮಗಳು ರಾಜ್ಯ ಸರ್ಕಾರಕ್ಕೆ ಹೇಳಿವೆ. ಗುಜರಿಯವರ ಹೆಸರನ್ನು ಸರಪಳಿಗೆ ಸೇರಿಸಲು ಬೇಕಾದ ಬಾಗಿಲು ಕಾನೂನಿನಲ್ಲಿ ಇದೆ, ಅದನ್ನು ತೆರೆಯಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಹಿಂದುಳಿದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯ ಜಿಲ್ಲೆಗಳು, ಮೂರಕ್ಕೂ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನ ಬರುತ್ತದೆ. ರಸ್ತೆ, ಶಾಲೆಗಳ ನಡುವೆ ಈ ಕೆಲಸಕ್ಕೂ ಒಂದು ಪಾಲು ಕೇಳುವುದು ಅತಿಯಾಸೆಯಲ್ಲ. ಜಿಲ್ಲೆಗೊಂದು ಉಗ್ರಾಣ ಸಾಕು. ತಾಲ್ಲೂಕುಗಳಿಂದ ಬಂದದ್ದು ಅಲ್ಲಿ ಲಾರಿ ತುಂಬುವಷ್ಟು ಕೂಡಿದಾಗ ನೋಂದಾಯಿತ ಘಟಕದವರು ಬಂದು ಒಯ್ಯಲಿ. ಹೊಸ ಟಿವಿ, ಫ್ರಿಜ್ಜುಗಳನ್ನು ಇಳಿಸಿ ಖಾಲಿ ಮರಳುವ ಲಾರಿಗಳಲ್ಲಿ ಕಂಪನಿಗಳು ತಮ್ಮದೇ ಹಳೆಯ ಸಾಮಾನನ್ನು ಹಿಂದಕ್ಕೆ ಒಯ್ದರೆ ಬಾಡಿಗೆಯ ಪ್ರಶ್ನೆಯೂ ಅರ್ಧ ಬಗೆಹರಿಯುತ್ತದೆ. ಉಗ್ರಾಣದ ಗೋಡೆಯ ಮೇಲೆ ದರಪಟ್ಟಿ ಬರೆಯಬೇಕು, ಅದರಲ್ಲಿ ಬಿಚ್ಚಿದ ಸಾಮಾನಿಗೆ ಬೆಲೆ ಇರಬಾರದು. ಇಡೀ ಟಿವಿಗೆ ಇಷ್ಟು, ಪೈಪು ಕತ್ತರಿಸದ ಫ್ರಿಜ್ಜಿಗೆ ಇಷ್ಟು ಎಂದಿರಬೇಕು, ಆ ಮೊತ್ತ ತಾಮ್ರದ ಸುರುಳಿಗೂ ಬೋರ್ಡಿಗೂ ಮೋಡ್ಕಾ ಅಂಗಡಿಯಲ್ಲಿ ಸಿಗುವ ಹಣಕ್ಕಿಂತ ಹೆಚ್ಚಿರಬೇಕು, ತಳ್ಳುಗಾಡಿಯವರು ತಂದ ದಿನವೇ ಅದನ್ನು ಅವರ ಕೈಗೆ ಕೊಡಬೇಕು.